ಎಕ್ಸೆಲ್ ಶೀಟಿನ್ಯಾಗ ಕಲ್ಲು ಬೀಳಿಸೂದು, ಜೋಕಾಲಿ ಜೀಕೂದು, ಉಪಗ್ರಹ ಸುತ್ತಿಸೂದು

ಮಳಿಗಾಲದಾಗ ಒಮ್ಮೆ ನಮ್ಮ ಒಂಬತ್ತನೇ ಕ್ಲಾಸಿನ ಹುಡುಗೂರನ್ನ ಗೋಕಾಕ ಫಾಲ್ಸಿಗೆ ಕರ್ಕೊಂಡು ಹೋಗಿದ್ವಿ, ಘಟಪ್ರಭಾ ತುಂಬಿ ಹರೀತಿತ್ತು, ಕೆಂಪು ನೀರು 52 ಮೀಟರ್ ಕೆಳಗ ಬೀಳೂ ಸಪ್ಪಳಕ್ಕ ಬಾಜೂಕ ನಿಂತವರ ಮಾತೂ ಕೇಳ್ತಿರಲಿಲ್ಲ. ಅಲ್ಲೇ ಒಂದು ಹುಡುಗಿ ಕಿವಿ ಹತ್ರ ಬಂದು "ಸರ್, ನೀರು ಕೆಳಗ ಮುಟ್ಟಾಕ ಎಷ್ಟ ಹೊತ್ತು ಬೇಕ್ರಿ?" ಅಂದ್ಲು. ನಾನು ಪುಸ್ತಕದಾಗಿನ ಸೂತ್ರ ಹೇಳಿದೆ. "ಸೂತ್ರ ಬ್ಯಾಡ್ರಿ ಸರ್, ಬೀಳುವಾಗ ಏನಾಗತೈತಿ ಅಂತ ಒಂದೊಂದ ಹೆಜ್ಜಿ ನೋಡಾಕ ಬರಂಗಿಲ್ಲೇನ್ರಿ?" ಅಂದ್ಲು. ಬರತೈತಿ. ಅದನ್ನ ಹ್ಯಾಂಗ ಮಾಡೂದು ಅಂತನೇ ಇಲ್ಲಿ ಬರೀತೀನಿ. ಹತ್ತನೇ ಕ್ಲಾಸಿನ ಗಣಿತ ಗೊತ್ತಿದ್ರ ಸಾಕು, ಪ್ರೋಗ್ರಾಮಿಂಗ್ ಏನೂ ಬ್ಯಾಡ.

ಬೇಕಾಗಿದ್ದು ಒಂದು ಸ್ಪ್ರೆಡ್‌ಶೀಟ್ ಅಷ್ಟ. ಎಕ್ಸೆಲ್ ಇದ್ರ ಎಕ್ಸೆಲ್, ಇಲ್ಲಂದ್ರ ಲಿಬ್ರೆ ಆಫೀಸ್ ಕ್ಯಾಲ್ಕ್ ಪುಕ್ಕಟೆ ಸಿಗತೈತಿ, ಗೂಗಲ್ ಶೀಟ್ಸ್ ಆದ್ರೂ ನಡೀತೈತಿ. ಮೊಬೈಲಿನ್ಯಾಗೂ ಆಗತೈತಿ ಆದ್ರ ಐದುನೂರು ಸಾಲು ಕೆಳಗ ಎಳೆಯೂದು ತ್ರಾಸು, ಶಾಲ್ಯಾಗಿನ ಹಳೇ ಕಂಪ್ಯೂಟರ್ ಆದ್ರೂ ಸಾಕು, ಅದರ ಮುಂದ ಕುಂದ್ರ್ರಿ.

ಒಂದು ಮಾತು ಮೊದಲ ತಿಳ್ಕೋರಿ. ಕಂಪ್ಯೂಟರಿಗೆ ಗುರುತ್ವ ಅಂದ್ರ ಗೊತ್ತಿಲ್ಲ, ಗಾಳಿ ಗೊತ್ತಿಲ್ಲ, ನೆಲ ಅಂದ್ರೂ ಗೊತ್ತಿಲ್ಲ. ನೀವು ಹೇಳಿದ್ದು ಅಷ್ಟ ಮಾಡತೈತಿ, ತಪ್ಪು ಹೇಳಿದ್ರ ತಪ್ಪನ್ನ ಅಷ್ಟ ಚಂದಾಗಿ ಗ್ರಾಫ್ ಹಾಕಿ ತೋರಸತೈತಿ. ಅದಕ್ಕ ಮಾಡೆಲ್ ಖರೇ ಹೇಳಾಕತ್ತೈತೋ ಇಲ್ಲೋ ಅಂತ ಹಿಡಿಯಾಕ ಒಂದು ಸಾಧನ ಬೇಕು, ಅದು ಶಕ್ತಿಯ ಲೆಕ್ಕ. ಕಿರಾಣಿ ಅಂಗಡ್ಯಾಗ ರಾತ್ರಿ ಬಾಗಿಲ ಹಾಕೂ ಮುಂದ ಕಿರ್ದಿ ತಗದು ಗಲ್ಲಾದಾಗಿನ ರೊಕ್ಕ, ಉದ್ರಿ, ಉಳಿದ ಮಾಲು ಎಲ್ಲಾ ಕೂಡಿಸಿ ತಾಳೆ ನೋಡ್ತಾರಲ್ರಿ, ಹಂಗ.

ಮೊದಲನೇ ಮಾಡೆಲ್: ಗೋಕಾಕದ ಮ್ಯಾಲಿಂದ ಒಂದು ಕಲ್ಲು

ಹೊಸ ಶೀಟ್ ತಗೀರಿ. ಎಚ್1 ಸೆಲ್ಲಿನ್ಯಾಗ 9.8 ಬರೀರಿ, ಇದು ಗುರುತ್ವದ ವೇಗೋತ್ಕರ್ಷ, ಅಂದ್ರ ಬೀಳೂ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರಿನಂಗ ಏರತೈತಿ ಅಂತ. ಎಚ್2ರಾಗ 0.1, ಇದು ನಮ್ಮ ಹೆಜ್ಜಿ, ಸೆಕೆಂಡಿನ ಹತ್ತನೇ ಒಂದು ಭಾಗ. ಎ ಕಾಲಂ ಸಮಯ, ಬಿ ವೇಗ, ಸಿ ಎತ್ತರ. ಎರಡನೇ ಸಾಲಿನ್ಯಾಗ ಶುರುವಾತಿನ ಸ್ಥಿತಿ: ಎ2 ಸೊನ್ನಿ, ಬಿ2 ಸೊನ್ನಿ, ಸಿ2 52. ಮೂರನೇ ಸಾಲಿನ್ಯಾಗ ಫಾರ್ಮುಲಾ (ಸೆಲ್ಲಿನ ಹೆಸರು ನಾನು ಕನ್ನಡದಾಗ ಬರದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕ್ರಿ):

ಎ3: =ಎ2+$ಎಚ್$2
ಬಿ3: =ಬಿ2+$ಎಚ್$1*$ಎಚ್$2
ಸಿ3: =ಸಿ2-ಬಿ3*$ಎಚ್$2

ಡಾಲರ್ ಚಿಹ್ನಿ ಮರೀಬ್ಯಾಡ್ರಿ, ಅದು ಇಲ್ಲಂದ್ರ ಫಾರ್ಮುಲಾ ಕೆಳಗ ಎಳದಾಗ ಎಚ್1 ಹೋಗಿ ಎಚ್2, ಎಚ್3 ಅಂತ ಜಾರಿಕೋತ ಹೋಗತೈತಿ, ನಮ್ಮ ಹುಡುಗೂರು ಅರ್ಧಕ್ಕಿಂತ ಹೆಚ್ಚು ಹೊತ್ತು ಕಳದದ್ದು ಇದೇ ತಪ್ಪು ಹುಡುಕೂದರಾಗ. ಈಗ ಮೂರೂ ಸೆಲ್ ಹಿಡದು ಕೆಳಗ ನಲವತ್ತು ಸಾಲು ಎಳೀರಿ.

ಏನ ಮಾಡಿದ್ವಿ ನೋಡ್ರಿ. ಹತ್ತನೇ ಒಂದು ಸೆಕೆಂಡಿನ ಮಟ್ಟಿಗೆ ವೇಗ ಬದಲಾಗಂಗಿಲ್ಲ ಅಂತ ತಿಳ್ಕೊಂಡು, ವೇಗ ಗುಣಿಲೆ ಹೊತ್ತು ಅಂತ ದೂರ ಕಳದ್ವಿ, ಆಮ್ಯಾಲೆ ಮತ್ತ ವೇಗ ತಿದ್ದಿದ್ವಿ, ಮತ್ತ ದೂರ ಕಳದ್ವಿ. ಈ ಒಂದೊಂದ ಹೆಜ್ಜಿ ಇಡೂ ವಿಚಾರಾನ ಲಿಯೋನಾರ್ಡ್ ಆಯ್ಲರ್ ಅನ್ನೂ ಗಣಿತಜ್ಞ 1768ರಾಗ ಅಚ್ಚು ಹಾಕಿಸಿದ, ಆಗ ಕೈಲೇ ಲೆಕ್ಕ ಮಾಡಬೇಕಾಗಿತ್ತು, ಈಗ ಮೌಸ್ ಎಳದ್ರ ಮುಗೀತು.

3.2 ಸೆಕೆಂಡಿನ ಸಾಲು ನೋಡ್ರಿ, ಎತ್ತರ 0.256 ಮೀಟರ್, ವೇಗ 31.36. ಮುಂದಿನ ಸಾಲಿನ್ಯಾಗ ಎತ್ತರ ಸೊನ್ನಿಗಿಂತ ಕೆಳಗ ಹೋಗತೈತಿ, ಅಂದ್ರ ಕಲ್ಲು ನೆಲಾ ಮುಟ್ಟಿತು, ಕಂಪ್ಯೂಟರಿಗೆ ಅದು ಗೊತ್ತಿಲ್ಲ ಅಂತ ಭೂಮಿ ಒಳಗ ಬೀಳಿಸಿಕೋತ ಹೊಂಟೈತಿ. ಪುಸ್ತಕದ ಸೂತ್ರದಿಂದ ಬರೂ ಉತ್ತರ 3.26 ಸೆಕೆಂಡ್, ವೇಗ 31.9, ಅಂದ್ರ ತಾಸಿಗೆ ಸುಮಾರು 115 ಕಿಲೋಮೀಟರ್. ಸನೇಕ ಬಂದೀವಿ, ಬರೋಬ್ಬರಿ ಬಂದಿಲ್ಲ.

ಈಗ ಕಿರ್ದಿ ತಗೀರಿ

ಕಲ್ಲು 1 ಕೆಜಿ ಅಂತ ಇಟ್ಕೋರಿ. ಡಿ ಕಾಲಮಿನ್ಯಾಗ ಚಲನ ಶಕ್ತಿ, ಇ ಕಾಲಮಿನ್ಯಾಗ ಎತ್ತರದ ಶಕ್ತಿ (ಪುಸ್ತಕದಾಗ ಪ್ರಚ್ಛನ್ನ ಶಕ್ತಿ ಅಂತಾರ), ಎಫ್‌ನ್ಯಾಗ ಎರಡರ ಮೊತ್ತ:

ಡಿ2: =0.5*ಬಿ2^2
ಇ2: =$ಎಚ್$1*ಸಿ2
ಎಫ್2: =ಡಿ2+ಇ2

ಶುರುವಾತಿಗೆ ಮೊತ್ತ 509.6 ಜೂಲ್. ಕಲ್ಲು ಬಿದ್ದಂಗ ಬಿದ್ದಂಗ ಇ ಕಡಿಮಿ ಆಗತೈತಿ, ಡಿ ಹೆಚ್ಚಾಗತೈತಿ, ಒಂದ ಕಿಸೇದಿಂದ ಇನ್ನೊಂದ ಕಿಸೇಕ ರೊಕ್ಕ ಹಾಕಿದಂಗ, ಮೊತ್ತ ಹಂಗೇ ಇರಬೇಕು. ಆದ್ರ 3.2 ಸೆಕೆಂಡಿಗೆ ಎಫ್ ನೋಡ್ರಿ, 494.2 ಐತಿ. 15 ಜೂಲ್ ಎಲ್ಲಿ ಹೋತು? ಗಾಳಿ ಹಾಕಿಲ್ಲ, ಘರ್ಷಣೆ ಹಾಕಿಲ್ಲ. ಇದು ನಿಸರ್ಗದ ತಪ್ಪಲ್ಲ, ನಮ್ಮ ಹೆಜ್ಜಿ ದೊಡ್ಡದಾತು ಅಷ್ಟ. ಎಚ್2ರಾಗ 0.01 ಹಾಕ್ರಿ, ಸಾಲು 330ರ ತನಕ ಎಳೀರಿ, ಈಗ ನೆಲಾ ಮುಟ್ಟೂದು 3.25ಕ್ಕೂ 3.26ಕ್ಕೂ ನಡುವ, ಕಳದು ಹೋದದ್ದು 1.6 ಜೂಲ್ ಅಷ್ಟ. ಹೆಜ್ಜಿ ಹತ್ತು ಪಟ್ಟು ಸಣ್ಣ ಮಾಡಿದ್ರ ತಪ್ಪೂ ಹತ್ತು ಪಟ್ಟು ಸಣ್ಣದಾತು. ಇದನ್ನ ಹುಡುಗೂರು ತಾವ ಕೈಯಾರೆ ನೋಡಬೇಕು, ನಾವು ಬೋರ್ಡ್ ಮ್ಯಾಲೆ ಬರದು ತೋರಿಸಿದ್ರ ಆ ರುಚಿ ಬರಂಗಿಲ್ಲ.

ಇನ್ನೊಂದು ಮಾಡಿ ನೋಡ್ರಿ, ಸಿ3ರಾಗ ಬಿ3ರ ಬದಲಿ ಎರಡೂ ವೇಗದ ಸರಾಸರಿ ಹಾಕ್ರಿ, (ಬಿ2+ಬಿ3)/2 ಅಂತ. ಮೊತ್ತ 509.6ರಿಂದ ಅಲ್ಲಾಡೂದೇ ಇಲ್ಲ, ಹೆಜ್ಜಿ 0.1 ಇದ್ರೂ. ಯಾಕಂದ್ರ ವೇಗ ಒಂದೇ ಸಮನ ಏರುವಾಗ ಸರಾಸರಿ ವೇಗನ ಖರೇ ವೇಗ. ಗಾಳಿ ಬಂದ ಕೂಡಲೇ ಈ ಅನುಕೂಲ ಹೋಗತೈತಿ.

ಅಂದಂಗ, 509.6 ಅನ್ನೂ ಸಂಖ್ಯೆ ಸಣ್ಣದಲ್ಲ. ಒಂದು ಘನ ಮೀಟರ್ ಅಂದ್ರ ಸಾವಿರ ಲೀಟರ್ ನೀರು ಬಿದ್ರ 5,09,600 ಜೂಲ್. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದ್ರ 36 ಲಕ್ಷ ಜೂಲ್. ಭಾಗಿಸಿ ನೋಡ್ರಿ, 7 ಸಾವಿರ ಲೀಟರ್ ನೀರು 52 ಮೀಟರ್ ಬಿದ್ರ ಒಂದು ಯೂನಿಟ್, ಅದೂ ಯಂತ್ರದಾಗ ಒಂದು ಜೂಲೂ ಹಾಳಾಗದಿದ್ರ. ಹುಡುಗೂರಿಗೆ ಶಕ್ತಿ ಅನ್ನೂ ಶಬ್ದ ಆವತ್ತ ತಿಳೀತು ಅಂತ ನನಗ ಅನಸತೈತಿ.

ಗಾಳಿ ಹಾಕೂದು

ಖರೇ ಫಾಲ್ಸಿನ್ಯಾಗ ಕೆಳಗ ನಿಂತ್ರ ಹನಿ ಮೈಗೆ ಬಡೀತಾವ ಆದ್ರ 115ರ ಸ್ಪೀಡಿನ್ಯಾಗ ಬಡದಿದ್ರ ನಿಂದ್ರಾಕ ಆಗತಿರಲಿಲ್ಲ. ಗಾಳಿ ತಡೀತೈತಿ, ವೇಗ ಹೆಚ್ಚಾದಂಗ ಇನ್ನೂ ಜೋರಾಗಿ, ಅಂದಾಜು ವೇಗದ ವರ್ಗದಷ್ಟು. ದೊಡ್ಡ ಮಳಿ ಹನಿ ಎಷ್ಟ ಎತ್ತರದಿಂದ ಬಿದ್ರೂ ಸೆಕೆಂಡಿಗೆ ಸುಮಾರು 9 ಮೀಟರ್ ದಾಟಂಗಿಲ್ಲ. ಅಷ್ಟು ಗೊತ್ತಿದ್ರ ಸಾಕು: 9.8ನ್ನ 9ರ ವರ್ಗದಿಂದ ಭಾಗಿಸಿದ್ರ 0.121, ಇದನ್ನ ಎಚ್3ರಾಗ ಹಾಕ್ರಿ. ಬಿ3 ಈಗ ಹಿಂಗ:

ಬಿ3: =ಬಿ2+($ಎಚ್$1-$ಎಚ್$3*ಬಿ2^2)*$ಎಚ್$2

ಗ್ರಾಫ್ ಹಾಕಿ ನೋಡ್ರಿ, ವೇಗದ ಗೆರಿ ಮೊದಲು ನೆಟ್ಟಗ ಏರಿ ಆಮ್ಯಾಲೆ ಬಾಗಿ 9ರ ಹತ್ರ ಮಲಗತೈತಿ, ಹತ್ತು ಮೀಟರ್ ಬೀಳೂದರಾಗ ಹೆಚ್ಚೂ ಕಡಿಮಿ ಪೂರಾ ವೇಗಕ್ಕ ಬಂದಿರತೈತಿ. ಕೆಳಗ ಮುಟ್ಟಾಕ 6.4 ಸೆಕೆಂಡ್, ಕಲ್ಲಿಗಿಂತ ಎರಡು ಪಟ್ಟು. ಮೊತ್ತದ ಕಾಲಂ ಈಗ ಪೂರಾ ಕುಸೀತೈತಿ, ಕೊನೀಕ 40 ಜೂಲ್ ಉಳೀತೈತಿ ಅಷ್ಟ. ಇದು ಲೆಕ್ಕದ ತಪ್ಪೋ ಗಾಳಿ ತಿಂದದ್ದೋ ಅಂತ ಬ್ಯಾರೆ ಮಾಡಾಕ ಗಾಳಿಗೇ ಒಂದು ಖಾತೆ ತಗೀಬೇಕು. ಜಿ2ರಾಗ ಸೊನ್ನಿ, ಜಿ3ರಾಗ

=ಜಿ2+$ಎಚ್$3*ಬಿ2^2*(ಸಿ2-ಸಿ3)

ಅಂದ್ರ ಗಾಳಿ ತಡೆ ಗುಣಿಲೆ ಆ ಹೆಜ್ಜ್ಯಾಗ ಬಿದ್ದ ದೂರ. ಎಫ್‌ನ್ಯಾಗ ಜಿ ಕೂಡಿಸ್ರಿ. ಮೊತ್ತ ಮತ್ತ 509ರ ಆಸುಪಾಸು ಬಂತಂದ್ರ ಮಾಡೆಲ್ ಬರೋಬ್ಬರಿ ಐತಿ, ಹನಿ ಕಳಕೊಂಡದ್ದೆಲ್ಲಾ ಗಾಳಿಗೆ ಹೋಗಿ ಅದನ್ನ ಚೂರು ಬಿಸಿ ಮಾಡೈತಿ. ಒಂದು ಮಾತು, ಇದು ಒಂಟಿ ಹನಿಯ ಲೆಕ್ಕ. ನೀರಿನ ದಪ್ಪ ಪ್ರವಾಹ ಒಟ್ಟಿಗೇ ಬೀಳುವಾಗ ಒಳಗಿನ ನೀರಿಗೆ ಗಾಳಿ ಅಷ್ಟ ತಾಗಂಗಿಲ್ಲ, ಅದು ಕಲ್ಲಿನ ಲೆಕ್ಕಕ್ಕ ಹತ್ರ ಇರತೈತಿ.

ಎರಡನೇ ಮಾಡೆಲ್: ಪಂಚಮಿ ಜೋಕಾಲಿ

ನನಗ ಎಲ್ಲಕ್ಕಿಂತ ಪ್ರೀತಿ ಇದರ ಮ್ಯಾಲೆ. ನಾಗರ ಪಂಚಮಿಗೆ ನಮ್ಮ ಕಡೆ ಪ್ರತಿ ಊರಾಗ ದೊಡ್ಡ ಗಿಡಕ್ಕ ಜೋಕಾಲಿ ಕಟ್ಟತೀವಿ, ಹಗ್ಗ 5 ಮೀಟರ್ ಅಂತ ಇಟ್ಕೋರಿ. ಹೊಸ ಶೀಟ್, ಎ ಸಮಯ, ಬಿ ಕೋನ, ಸಿ ಕೋನ ಬದಲಾಗೂ ವೇಗ. ಕೋನ ಡಿಗ್ರ್ಯಾಗ ಹಾಕಬ್ಯಾಡ್ರಿ, ಶೀಟಿಗೆ ರೇಡಿಯನ್ ಬೇಕು, 30 ಡಿಗ್ರಿ ಅಂದ್ರ 0.5236. ಬಿ2ರಾಗ ಅದು, ಸಿ2ರಾಗ ಸೊನ್ನಿ, ಹೆಜ್ಜಿ 0.1.

ಸಿ3: =ಸಿ2-9.8/5*ಸೈನ್(ಬಿ2)*0.1
ಬಿ3: =ಬಿ2+ಸಿ2*0.1

ಸೈನ್ ಅಂದ್ರ ಶೀಟಿನ್ಯಾಗ ಎಸ್, ಐ, ಎನ್ ಮೂರು ಅಕ್ಷರ. ಐದುನೂರು ಸಾಲು ಎಳದು ಕೋನದ ಗ್ರಾಫ್ ಹಾಕ್ರಿ. ಗಾಬರಿ ಆಗತೈತಿ: ಯಾರೂ ನೂಕದನ ಜೋಕಾಲಿ ಒಂದು ಜೀಕಿಗೆ 30ರಿಂದ 45ರ ಆಸುಪಾಸು ಏರತೈತಿ, ಮುಂದ ಇನ್ನೂ ಏರಿ ಕೆಲವೇ ಜೀಕಿನ್ಯಾಗ ಕೊಂಬಿ ಮ್ಯಾಲಿಂದ ಗಿರಕಿ ಹೊಡ್ಯಾಕ ಶುರು ಮಾಡತೈತಿ. ಒಂದೇ ಜೀಕಿಗೆ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಗಿರತೈತಿ. ಪುಕ್ಕಟೆ ಶಕ್ತಿ ಎಲ್ಲೂ ಸಿಗಂಗಿಲ್ಲ, ಹಂಗಾರ ತಪ್ಪು ಎಲ್ಲೈತಿ?

ಬಿ3 ನೋಡ್ರಿ, ಅಲ್ಲಿ ಸಿ2 ಐತಿ, ಅಂದ್ರ ಹಳೇ ವೇಗ. ಅದನ್ನ ಸಿ3 ಮಾಡ್ರಿ, ಅಂದ್ರ ಈಗಷ್ಟ ತಿದ್ದಿದ ಹೊಸ ವೇಗ. ಒಂದೇ ಒಂದು ಅಂಕಿ ಬದಲಿ. ಜೋಕಾಲಿ ಕೂಡಲೇ ಶಾಂತಾಗಿ 30ರಿಂದ 30ಕ್ಕ ಜೀಕತೈತಿ, ಐದುನೂರಲ್ಲ ಐದು ಸಾವಿರ ಸಾಲು ಎಳದ್ರೂ ಹಂಗೇ. ಇದಕ್ಕ ಒಂದು ಕತಿ ಐತಿ. 1981ರಾಗ ಅಲನ್ ಕ್ರೋಮರ್ ಅನ್ನೂ ಅಮೆರಿಕದ ಪ್ರೊಫೆಸರ್ ಈ ವಿಧಾನದ ಬಗ್ಗೆ ಲೇಖನ ಬರದ್ರು, ಅದರಾಗ ಇದನ್ನ ಕಂಡಿದ್ದು ಒಬ್ಬ ಹೈಸ್ಕೂಲ್ ವಿದ್ಯಾರ್ಥಿನಿ, ಪ್ರೋಗ್ರಾಮಿನ ಎರಡು ಸಾಲು ಅದಲಿ ಬದಲಿ ಆಗಿ ಉತ್ತರ ಸರಿ ಬಂತು ಅಂತ ಅವರೇ ಹೇಳ್ಯಾರ. ನಮ್ಮ ಹುಡುಗೂರಿಗೆ ಈ ಕತಿ ಹೇಳಿದ ದಿನ ಕ್ಲಾಸಿನ್ಯಾಗ ಕಣ್ಣ ಅರಳಿದ್ದು ನಾ ಮರಿಯಂಗಿಲ್ಲ, ಅವರ ವಯಸ್ಸಿನವಳು ಮಾಡಿದ ಕೆಲಸ ಇವತ್ತ ಜಗತ್ತಿನ ತುಂಬ ಭೌತಶಾಸ್ತ್ರ ಕಲಿಯೂ ಮಕ್ಕಳ ಕೈಯಾಗ ಐತಿ.

(ಮ್ಯಾಲಿನ ಕಲ್ಲಿನ ಮಾಡೆಲಿನ್ಯಾಗ ನಾನು ಮೊದಲೇ ಬಿ3 ಹಾಕಿಸಿದ್ದೆ, ಬಿ2 ಹಾಕಿದ್ರ ಅಲ್ಲಿ 15 ಜೂಲ್ ಕಳಿಯೂ ಬದಲಿ ಹೆಚ್ಚಾಗತಿತ್ತು, ಹಾಕಿ ನೋಡ್ರಿ.)

ಈಗ ಪ್ರಶ್ನೆ ಕೇಳ್ರಿ ಮಾಡೆಲಿಗೆ. ಒಂದು ಜೀಕಿಗೆ ಎಷ್ಟ ಹೊತ್ತು? ಸಣ್ಣ ಕೋನಕ್ಕ ಸುಮಾರು 4.5 ಸೆಕೆಂಡ್. 60 ಡಿಗ್ರಿ ಇಟ್ರ 4.8. ಪುಸ್ತಕದಾಗಿನ ಸೂತ್ರ ಎಲ್ಲಾ ಕೋನಕ್ಕೂ ಒಂದೇ ಉತ್ತರ ಕೊಡತೈತಿ, ಅದು ಸಣ್ಣ ಕೋನಕ್ಕ ಅಷ್ಟ ಖರೇ ಅಂತ ಮಾಡೆಲ್ ತಾನ ತೋರಸತೈತಿ. ಜೋಕಾಲ್ಯಾಗ ಕುಂತವರು ಹಗುರೋ ಭಾರೋ? ಫಾರ್ಮುಲಾದಾಗ ತೂಕನ ಇಲ್ಲ ನೋಡ್ರಿ, ಅಮ್ಮಾ ಕುಂತ್ರೂ ಮೊಮ್ಮಗಳು ಕುಂತ್ರೂ ಹೊತ್ತು ಒಂದೇ. ಪಂಚಮಿ ಬಂದಾಗ ಖರೇ ಜೋಕಾಲಿ ಹತ್ರ ಹೋಗಿ ಮೊಬೈಲಿನ ಸ್ಟಾಪ್‌ವಾಚಿನ್ಯಾಗ ಹತ್ತು ಜೀಕು ಎಣಿಸಿ ಹತ್ತರಿಂದ ಭಾಗಿಸ್ರಿ. ಚೂರು ವ್ಯತ್ಯಾಸ ಬರತೈತಿ, ಯಾಕಂದ್ರ ಕುಂತವರ ಮೈಯ ತೂಕದ ನಡುಬಿಂದು ಹಲಗಿಗಿಂತ ಮ್ಯಾಲಿರತೈತಿ, ಲೆಕ್ಕಕ್ಕ ಬರೂ ಉದ್ದ ಹಗ್ಗಕ್ಕಿಂತ ಕಡಿಮಿ. ನಿಂತು ಜೀಕಿದ್ರ ಇನ್ನೂ ಕಡಿಮಿ. ಮಾಡೆಲಿನ್ಯಾಗ ಉದ್ದ ತಿದ್ದಿ ಅಳತಿಗೆ ಕೂಡಿಸೂದು ಒಳ್ಳೇ ಕೆಲಸ.

ಮೂರನೇ ಮಾಡೆಲ್: ಮಲಿಕ್-ಎ-ಮೈದಾನ್ ಮತ್ತು ನ್ಯೂಟನ್ನಿನ ತೋಪು

ವಿಜಯಪುರದಾಗ ಮಲಿಕ್-ಎ-ಮೈದಾನ್ ತೋಪು ನೋಡೀರಿ, 1549ರಾಗ ಎರಕ ಹೊಯ್ದದ್ದು, ಸುಮಾರು 55 ಟನ್ನಿನದು. ಎತ್ತರದ ಗುಡ್ಡದ ಮ್ಯಾಲೆ ತೋಪು ಇಟ್ಟು ಅಡ್ಡ ಗುಂಡು ಹೊಡದ್ರ ದೂರ ಹೋಗಿ ಬೀಳತೈತಿ, ಇನ್ನೂ ಜೋರಾಗಿ ಹೊಡದ್ರ ಇನ್ನೂ ದೂರ, ಭಾಳ ಜೋರಾಗಿ ಹೊಡದ್ರ ಬೀಳಾಕತ್ತಂಗ ಭೂಮಿನೂ ಬಾಗಿಕೋತ ಹೋಗಿ ಗುಂಡು ಸುತ್ತಿಕೋತನ ಇರತೈತಿ ಅಂತ ನ್ಯೂಟನ್ ಚಿತ್ರ ಬರದು ತೋರಿಸಿದ. ಅವನ ಕೈಯಾಗ ಕಂಪ್ಯೂಟರ್ ಇರಲಿಲ್ಲ, ನಮ್ಮ ಕೈಯಾಗ ಐತಿ.

ಇಲ್ಲಿ 9.8 ನಡಿಯಂಗಿಲ್ಲ, ದೂರ ಹೋದಂಗ ಗುರುತ್ವ ಕಡಿಮಿ ಆಗತೈತಿ. ಕಿಲೋಮೀಟರ್, ಸೆಕೆಂಡಿನ ಲೆಕ್ಕದಾಗ ಭೂಮಿಯ ಸಂಖ್ಯೆ 398600, ಇದು ಗುರುತ್ವ ಸ್ಥಿರಾಂಕ ಗುಣಿಲೆ ಭೂಮಿಯ ದ್ರವ್ಯರಾಶಿ. ಭೂಮಿಯ ತ್ರಿಜ್ಯ 6371. ನಾವು 400 ಕಿಲೋಮೀಟರ್ ಮ್ಯಾಲೆ ತೋಪು ಇಡೂಣು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರೂ ಎತ್ತರ ಹತ್ರ ಹತ್ರ ಅಷ್ಟ, ಗಾಳಿ ಬಿಟ್ಟ ಬಿಡೂಣು. ಕಾಲಂಗಳು: ಎ ಸಮಯ, ಬಿ ಅಡ್ಡ ಜಾಗ, ಸಿ ಉದ್ದ ಜಾಗ, ಡಿ ಅಡ್ಡ ವೇಗ, ಇ ಉದ್ದ ವೇಗ, ಎಫ್ ಭೂಮಿ ನಡುವಿಂದ ದೂರ. ಶುರುವಾತು: ಬಿ2 6771, ಸಿ2 ಸೊನ್ನಿ, ಡಿ2 ಸೊನ್ನಿ, ಇ2 7.67. ಹೆಜ್ಜಿ 10 ಸೆಕೆಂಡ್.

ಎಫ್2: =(ಬಿ2^2+ಸಿ2^2)^0.5
ಡಿ3: =ಡಿ2-398600*ಬಿ2/ಎಫ್2^3*10
ಇ3: =ಇ2-398600*ಸಿ2/ಎಫ್2^3*10
ಬಿ3: =ಬಿ2+ಡಿ3*10
ಸಿ3: =ಸಿ2+ಇ3*10

ಎ3 ಹತ್ತು ಹತ್ತು ಕೂಡಿಸಿಕೋತ ಹೋಗಲಿ, ಎಫ್2ನ್ನೂ ಕೆಳಗ ಎಳೀರಿ, ಒಟ್ಟು 560 ಸಾಲು. ಬಿ ಮತ್ತು ಸಿ ಹಿಡದು ಸ್ಕ್ಯಾಟರ್ ಗ್ರಾಫ್ ಹಾಕ್ರಿ, ಲೈನ್ ಗ್ರಾಫ್ ಅಲ್ಲ. ಗ್ರಾಫಿನ ಡಬ್ಬಿ ಚೌಕಾಗಿ ಎಳೀರಿ, ಎರಡೂ ಅಕ್ಷಕ್ಕ ಒಂದೇ ಮಿತಿ ಹಾಕ್ರಿ, ಇಲ್ಲಂದ್ರ ಚಂದಾಗಿರೂ ವೃತ್ತ ತತ್ತಿ ಕಂಡಂಗ ಕಾಣತೈತಿ ಅಂತ ಹುಡುಗೂರು ಲೆಕ್ಕ ತಪ್ಪೇತಿ ಅಂದ್ಕೋತಾರ. ಒಂದು ಸುತ್ತಿಗೆ ಸುಮಾರು 5,545 ಸೆಕೆಂಡ್, ಅಂದ್ರ 92 ನಿಮಿಷ ಚಿಲ್ಲರೆ. ನಿಲ್ದಾಣ ಖರೇನ ಅಷ್ಟ ಹೊತ್ತಿನ್ಯಾಗ ಭೂಮಿ ಸುತ್ತತೈತಿ, ಮೂರು ನಾಕು ಫಾರ್ಮುಲಾದಿಂದ ಇಷ್ಟು ಬಂತಲ್ಲ ಅಂತ ನನಗ ಇವತ್ತಿಗೂ ಮೈ ಜುಮ್ ಅಂತೈತಿ.

ಇಲ್ಲೇ ಇನ್ನೊಂದು ಮಾತು. 398600ನ್ನ 6771ರ ವರ್ಗದಿಂದ ಭಾಗಿಸಿ ಸಾವಿರದಿಂದ ಗುಣಿಸ್ರಿ, 8.7 ಬರತೈತಿ. ಅಂದ್ರ ನಿಲ್ದಾಣದ ಎತ್ತರಕ್ಕ ಗುರುತ್ವ ನೆಲದ ಮ್ಯಾಲಿನದರ ಹತ್ತರಾಗ ಒಂಬತ್ತು ಪಾಲಿನಷ್ಟು ಐತಿ! ಅಲ್ಲಿನವರು ತೇಲೂದು ಗುರುತ್ವ ಇಲ್ಲ ಅಂತಲ್ಲ, ಅವರೂ ನಿಲ್ದಾಣನೂ ಕೂಡಿ ಒಂದೇ ಸಮನ ಬೀಳಾಕತ್ತಾರ ಅಂತ. ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳೂ ಇದನ್ನ ತಪ್ಪು ಹೇಳ್ತಾರ, ಶೀಟ್ ತಗದು ತೋರಿಸ್ರಿ.

ಈಗ ಇ2 ಬದಲಿ ಮಾಡ್ರಿ. 7 ಹಾಕಿದ್ರ ಗುಂಡು ಒಳಗ ಬಾಗತೈತಿ, ಎಫ್ 6371ಕ್ಕಿಂತ ಕಡಿಮಿ ಆದ ಸಾಲಿನ್ಯಾಗ ನೆಲಾ ಬಡೀತು ಅಂತ ನೀವ ತಿಳ್ಕೋಬೇಕು. 9 ಹಾಕಿದ್ರ ಉದ್ದನ ತತ್ತಿ ಆಕಾರ, ದೂರ 14,900ರ ಮ್ಯಾಲೆ ಹೋಗಿ ವಾಪಸ್ ಬರತೈತಿ, ಒಂದು ಸುತ್ತಿಗೆ ಮೂರು ತಾಸು ಚಿಲ್ಲರೆ, ಸಾಲು 1,130ರ ತನಕ ಬೇಕು. ಹತ್ರ ಬಂದಾಗ ಚುಕ್ಕಿ ದೂರ ದೂರ, ದೂರ ಹೋದಾಗ ಚುಕ್ಕಿ ಒತ್ತೊತ್ತಾಗಿ ಬೀಳತಾವ, ಅಂದ್ರ ಹತ್ರ ಇದ್ದಾಗ ಲಗೂ, ದೂರ ಇದ್ದಾಗ ಸಾವಕಾಶ. 11 ಹಾಕಿದ್ರ ಹೋದದ್ದು ಹೋತು, ತಿರುಗಿ ಬರಂಗಿಲ್ಲ.

ಯಾಕ ಬರಂಗಿಲ್ಲ ಅಂತ ಕಿರ್ದಿ ಹೇಳತೈತಿ. ಜಿ2ರಾಗ =0.5*(ಡಿ2^2+ಇ2^2)-398600/ಎಫ್2 ಬರೀರಿ. 7.67ಕ್ಕ ಮೊತ್ತ ಮೈನಸ್ 29.5 ಬರತೈತಿ. ಮೈನಸ್ ನೋಡಿ ಗಾಬರಿ ಆಗಬ್ಯಾಡ್ರಿ, ಅದು ಭೂಮಿಗೆ ಕೊಡಬೇಕಾದ ಸಾಲ ಅಂತ ತಿಳ್ಕೋರಿ. ಸಾಲ ಇರೂ ತನಕ ಗುಂಡು ಭೂಮಿ ಬಿಟ್ಟು ಹೋಗಾಕ ಬರಂಗಿಲ್ಲ, ಸುತ್ತತೈತಿ ಇಲ್ಲಾ ಬೀಳತೈತಿ. 10.85ಕ್ಕ ಸಾಲ ತೀರಿ ಸೊನ್ನಿ, ಅದರ ಮ್ಯಾಲೆ ಪ್ಲಸ್. ಜಿ ಕಾಲಂ ಪೂರಾ ಎಳದು ನೋಡ್ರಿ, ಸಣ್ಣಗ ಅತ್ತಿತ್ತ ಅಲ್ಲಾಡಿ ಅಲ್ಲೇ ನಿಂತ್ರ ಮಾಡೆಲ್ ನಂಬಬಹುದು, ಒಂದೇ ದಿಕ್ಕಿಗೆ ಜಾರಿಕೋತ ಹೊಂಟ್ರ ಎಲ್ಲೋ ಹಳೇ ವೇಗ ಹಾಕೀರಿ ಅಂತ ಅರ್ಥ.

ರೆಡಿಮೇಡ್ ಸಿಮ್ಯುಲೇಶನ್ ಬಗ್ಗೆ

ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನೂ ಪುಕ್ಕಟೆ ಸಿಮ್ಯುಲೇಶನ್‌ಗಳು ಅದಾವ, ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಾಗ ಶುರು ಮಾಡಿದ್ದು. ಎನರ್ಜಿ ಸ್ಕೇಟ್ ಪಾರ್ಕಿನ್ಯಾಗ ಘರ್ಷಣೆ ಹಾಕಿ ತಗದು ಶಕ್ತಿಯ ಕಂಬ ಏರಿ ಇಳಿಯೂದು ನೋಡಬಹುದು, ಗ್ರಾವಿಟಿ ಆಂಡ್ ಆರ್ಬಿಟ್ಸ್‌ನ್ಯಾಗ ಸೂರ್ಯ, ಭೂಮಿ, ಚಂದ್ರ. ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನ್ಯಾಗ ಇಟ್ಕೊಂಡ್ರ ನೆಟ್ ಇಲ್ಲದ ಶಾಲ್ಯಾಗೂ ನಡೀತಾವ. ಆದ್ರ ನನ್ನ ಅಭಿಪ್ರಾಯ ಹೇಳ್ತೀನಿ, ಇದನ್ನ ಮೊದಲ ತೋರಿಸಬ್ಯಾಡ್ರಿ. ಮೊದಲ ಶೀಟಿನ್ಯಾಗ ತಾವ ಕಟ್ಟಲಿ, ಆಮ್ಯಾಲೆ ಇದನ್ನ ನೋಡಿದ್ರ ಒಳಗ ಏನ ನಡದೈತಿ ಅಂತ ಅವರಿಗೆ ಗೊತ್ತಿರತೈತಿ, ಇಲ್ಲಂದ್ರ ಅದು ವಿಡಿಯೋ ಗೇಮ್ ಆಗತೈತಿ. ಸಾಲು ಸಾವಿರ ದಾಟಿ ಶೀಟ್ ನಿಧಾನ ಆಗಾಕ ಹತ್ತಿದ್ರ ಆಗ ಪೈಥಾನ್ ಕಲೀರಿ, ವಿಚಾರ ಇದೇ, ಎಳೆಯೂ ಕೆಲಸ ಅದು ಮಾಡತೈತಿ.

ಮೂರನೇ ಶೀಟ್ ಕಾಪಿ ಮಾಡಿ ಚಂದ್ರನಿಗೂ ಹಾಕಿ ನೋಡ್ರಿ. 398600 ಇದ್ದಲ್ಲೆಲ್ಲಾ 4903 (ಜಿ ಕಾಲಮಿನ್ಯಾಗೂ ಬದಲಿ ಮಾಡೂದು ಮರೀಬ್ಯಾಡ್ರಿ), ಚಂದ್ರನ ತ್ರಿಜ್ಯ 1737, ಅದರ ಮ್ಯಾಲೆ 100 ಕಿಲೋಮೀಟರ್, ಅಂದ್ರ ಬಿ2 1837, ಇ2 1.634. 2019ರಾಗ ಹೋದ ಚಂದ್ರಯಾನ-2ರ ಆರ್ಬಿಟರ್ ಸುತ್ತಾಕ ಹಿಡಿದ ಎತ್ತರ ಹೆಚ್ಚೂ ಕಡಿಮಿ ಇದೇ. 706ನೇ ಹೆಜ್ಜಿ ಹತ್ರ ಹೊಂಟ ಜಾಗಕ್ಕ ವಾಪಸ್ ಬರತೈತಿ, ಸುಮಾರು 118 ನಿಮಿಷ. ಜಿ2 ನೋಡ್ರಿ, ಮೈನಸ್ 1.33 ಅಷ್ಟ, ಭೂಮಿಗೆ ಇದ್ದ ಸಾಲ 29.5 ಇತ್ತು. ಇ2ನ್ನ ಸಾವಕಾಶ ಏರಿಸಿಕೋತ ಹೋಗ್ರಿ, 2.31ಕ್ಕ ಬಂದಾಗ ಮೊತ್ತ ಸೊನ್ನಿ ಮುಟ್ಟತೈತಿ, ಗ್ರಾಫಿನ ಗೆರಿ ಬಾಯಿ ತಗದು ಹೊರಗ ಹೋಗತೈತಿ.